ಚಳಿ ಆಗ್ತಿದೆ ಅಂತ ಹೇಳಿಬಿಡಿ

ನಮ್ಮೂರು ಬಿಳಿಚೋಡು. ದಾವಣಗೆರೆ ಜಿಲ್ಲೆ ಜಗಳೂರು ತಾಲ್ಲೂಕಿನ ಒಂದು ಹೋಬಳಿ. ನಾನು ಹುಡುಗನಾಗಿದ್ದಾಗ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ ಹೊಸ ಜಿಲ್ಲೆಯಾಯಿತು, ನಾವು ಮನೆ ಬಿಟ್ಟು ಕದಲದೆಯೇ ಬೇರೆ ಜಿಲ್ಲೆಯವರಾದೆವು!

ಜಗಳೂರು ಎಂದರೆ ಜನರಿಗೆ ನೆನಪಾಗುವುದು ಬಿಸಿಲು ಮತ್ತು ಬರ. ಹಾಗಾಗಿ ನಾನು ಚಳಿಯ ಮಾತೆತ್ತಿದರೆ ನೆಂಟರು ನಗುತ್ತಾರೆ. "ನಿಮ್ಮ ಕಡೆ ಎಂಥ ಚಳಿ ಮೇಷ್ಟ್ರೇ? ಹಿಮ ಬೀಳುತ್ತಾ?" ಅಂತ ಕೇಳುತ್ತಾರೆ. ಹಿಮ ಬೀಳುವುದಿಲ್ಲ, ನಿಜ. ಆದರೆ ಮಕ್ಕಳೇ, ಚಳಿಗೆ ಮನುಷ್ಯನನ್ನು ಮಲಗಿಸಲು ಹಿಮವೇ ಬೇಕಿಲ್ಲ. ನನ್ನನ್ನು ಅದು ಎರಡು ಸಲ ಹಿಡಿದಿದೆ. ಮೊದಲ ಸಲ ನನಗೆ 11 ವರ್ಷ. ಎರಡನೆಯ ಸಲ 72. ಎರಡು ಸಲವೂ ನಾನು ಮಾಡಿದ ತಪ್ಪು ಒಂದೇ.

ಮೊದಲನೆಯದು 1964ರ ಡಿಸೆಂಬರಿನಲ್ಲಿ ನಡೆದದ್ದು. ಆಗ ಸುಗ್ಗಿ ಮುಗಿದ ಹೊಲದಲ್ಲಿ ಕುರಿ ಮಂದೆ ನಿಲ್ಲಿಸುವ ಪದ್ಧತಿ ಇತ್ತು. ಕುರಿ ಹಿಕ್ಕೆ ಬಿದ್ದ ಹೊಲದಲ್ಲಿ ಮುಂದಿನ ವರ್ಷ ಬೆಳೆ ಹುಲುಸಾಗಿ ಬರುತ್ತದೆ. ಅದಕ್ಕೆ ಬದಲಾಗಿ ಹೊಲದವರು ಕುರಿಯವರಿಗೆ ಕಾಳು ಕೊಡುತ್ತಿದ್ದರು, ರಾತ್ರಿ ಊಟ ಕಳಿಸುತ್ತಿದ್ದರು. ಆ ವರ್ಷ ನಮ್ಮ ಹೊಲಕ್ಕೆ ಮೂರು ರಾತ್ರಿ ಮಂದೆ ಬಂದಿತ್ತು. ಕಾಯುತ್ತಿದ್ದವನು ಒಬ್ಬ ಮುದುಕ. ನಾವು ಹುಡುಗರೆಲ್ಲ ಅವನನ್ನು 'ಕುರಿ ತಾತ' ಎನ್ನುತ್ತಿದ್ದೆವು. ಅವನ ಜೊತೆ ಎರಡು ನಾಯಿ, ಒಂದು ಲಾಟೀನು, ಒಂದು ಕರಿ ಕಂಬಳಿ.

ಹೊಲದಲ್ಲಿ ಅವನ ಜೊತೆ ಮಲಗಬೇಕೆಂದು ನಾನು ಹಟ ಹಿಡಿದೆ. ಅಪ್ಪ ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು. "ಕಂಬಳಿ ತಗೊಂಡು ಹೋಗು." ಮನೆಯ ಕಂಬಳಿ ಮೈಗೆ ಚುಚ್ಚುತ್ತಿತ್ತು, ಕುರಿ ವಾಸನೆ ಬರುತ್ತಿತ್ತು. ನನಗೋ ಆಗತಾನೆ ಹೊಲಿಸಿದ ಚೌಕಳಿ ಅಂಗಿ ಹಾಕಿಕೊಂಡು ಹೋಗುವ ಆಸೆ. ಅಪ್ಪ ಆ ಕಡೆ ತಿರುಗಿದಾಗ ಕಂಬಳಿಯನ್ನು ಕಣಜದ ಹಿಂದೆ ತುರುಕಿ, ಅವ್ವ ಕೊಟ್ಟ ಬುತ್ತಿ ಹಿಡಿದು ಹೊರಟೆ.

ದಾರಿಯಲ್ಲಿ ಒಂದು ಹಳ್ಳ. ಆ ವರ್ಷ ಹಿಂಗಾರು ಚೆನ್ನಾಗಿ ಬಂದು ಮಡುವಿನಲ್ಲಿ ಎದೆಮಟ್ಟ ನೀರು ನಿಂತಿತ್ತು. ಕಲ್ಲಿನಿಂದ ಕಲ್ಲಿಗೆ ಜಿಗಿಯುವಾಗ ಕಾಲು ಜಾರಿತು. ಬುತ್ತಿಯನ್ನೇನೋ ಮೇಲೆತ್ತಿ ಹಿಡಿದು ಉಳಿಸಿಕೊಂಡೆ. ನಾನು ಮಾತ್ರ ಕುತ್ತಿಗೆವರೆಗೆ ತೊಯ್ದುಹೋದೆ.

ವಾಪಸ್ ಮನೆಗೆ ಹೋಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹೋದರೆ ಹೊಸ ಅಂಗಿ ಕೆಸರಾದದ್ದು ಗೊತ್ತಾಗುತ್ತದೆ, ಕಂಬಳಿ ಬಚ್ಚಿಟ್ಟದ್ದೂ ಗೊತ್ತಾಗುತ್ತದೆ. ಬೈಗುಳಕ್ಕೆ ಹೆದರಿ ಅಂಗಿಯ ಅಂಚು ಹಿಂಡಿಕೊಂಡು ಹೊಲಕ್ಕೇ ಹೋದೆ. ಅಷ್ಟರಲ್ಲಿ ಮಬ್ಬುಗತ್ತಲು. ಕುರಿ ತಾತನಿಗೆ ಬುತ್ತಿ ಕೊಟ್ಟೆ. ನಾನು ತೊಯ್ದದ್ದು ಕಾಣಿಸಬಾರದೆಂದು ಬೆಂಕಿಯಿಂದ ದೂರ, ರೊಪ್ಪದ ಆಚೆ ಮಗ್ಗುಲಿಗೆ ಹೋಗಿ ಕೂತೆ. "ಉಂಡು ಬಂದೀನಿ ತಾತ" ಎಂದು ಸುಳ್ಳೂ ಹೇಳಿದೆ.

ಆಕಾಶ ತೊಳೆದಿಟ್ಟಂತಿತ್ತು. ಒಂದು ತುಂಡು ಮೋಡವಿಲ್ಲ. ಮೂಡಲ ಕಡೆಯಿಂದ ಗಾಳಿ ಬೀಸುತ್ತಿತ್ತು. ಬರೀ ನೆಲದ ಮೇಲೆ ಒಂದು ತೆಳು ಟವೆಲ್ ಹಾಸಿ ಮುದುಡಿ ಮಲಗಿದೆ. ಹಲ್ಲು ಕಟಕಟ ಎನ್ನತೊಡಗಿತು. ಸದ್ದು ಕೇಳಿಸದಿರಲೆಂದು ಟವೆಲಿನ ತುದಿ ಕಚ್ಚಿಕೊಂಡೆ. ಮೈ ಎಷ್ಟು ನಡುಗಿತೆಂದರೆ ಪಕ್ಕದ ಕುರಿಗಳು ಬೆದರಿ ಎದ್ದು ನಿಂತವು.

ಆಮೇಲೆ ಒಂದು ವಿಚಿತ್ರ ನಡೆಯಿತು. ನಡುಕ ತಾನಾಗಿಯೇ ಕಡಿಮೆಯಾಯಿತು. ಚಳಿ ಹೋಯಿತೆಂದುಕೊಂಡೆ. ಕಣ್ಣು ತೂಗಿ ತೂಗಿ ಬರುತ್ತಿತ್ತು, ಹಿತವಾದ ನಿದ್ದೆ. ಕುರಿಗಳ ಕೊರಳ ಗಂಟೆ ಎಲ್ಲೋ ದೂರದ ಜಾತ್ರೆಯಲ್ಲಿ ಬಾರಿಸಿದಂತೆ ಕೇಳುತ್ತಿತ್ತು.

ಆಗ ನಮ್ಮ ಕಡೆ ತೋಳದ ಕಾಟ ಇತ್ತು. ಕುರಿ ತಾತ ರಾತ್ರಿ ಮೂರು ನಾಲ್ಕು ಸಲ ಲಾಟೀನು ಹಿಡಿದು ಮಂದೆಯ ಸುತ್ತ ಬರುತ್ತಿದ್ದ. ಹಾಗೆ ಬಂದಾಗ ನಾಯಿ ನನ್ನ ಮುಖ ಮೂಸಿ ಕುಂಯ್‌ಗುಟ್ಟಿತಂತೆ. ಅವನು ಲಾಟೀನು ತಗ್ಗಿಸಿ ನನ್ನ ಹೆಸರು ಕೇಳಿದನಂತೆ. ನಾನು ಏನೋ ತೊದಲಿದೆನಂತೆ. ಇದೆಲ್ಲ ಅವನು ಮರುದಿನ ಹೇಳಿದ್ದು, ನನಗೆ ನೆನಪಿಲ್ಲ. ನೆನಪಿರುವುದು ಅವನ ಗದರಿಕೆ ಮಾತ್ರ. "ಏಯ್ ಹುಡುಗಾ, ಮಲಗಬ್ಯಾಡ! ಕಣ್ಣು ಬಿಡು! ಮೈಯೆಲ್ಲಾ ತಣ್ಣಗಾಗೈತಲ್ಲೋ!"

ಅವನು ಮಾಡಿದ್ದನ್ನು ಒಂದೊಂದಾಗಿ ಹೇಳುತ್ತೇನೆ, ಏಕೆಂದರೆ ಇಂದಿನ ಡಾಕ್ಟರರೂ ಅದನ್ನೇ ಹೇಳುತ್ತಾರೆ. ಮೊದಲು ಹಸಿ ಬಟ್ಟೆಯನ್ನೆಲ್ಲ ಬಿಚ್ಚಿ ಎಸೆದ. ತನ್ನ ತಲೆವಸ್ತ್ರದಿಂದ ಮೈಯ ನೀರು ಒತ್ತಿ ತೆಗೆದ, ಉಜ್ಜಲಿಲ್ಲ. ನೆಲದ ಮೇಲೆ ಒಣಹುಲ್ಲು ದಪ್ಪಗೆ ಹರವಿ ಅದರ ಮೇಲೆ ನನ್ನನ್ನು ಮಲಗಿಸಿದ. ತನ್ನ ಕಂಬಳಿಯನ್ನು ತಲೆಯಿಂದ ಕಾಲಿನವರೆಗೆ ಸುತ್ತಿದ. ಗಾಳಿ ಬರುವ ದಿಕ್ಕಿಗೆ ಬೆನ್ನು ಕೊಟ್ಟು ತಾನೇ ಗೋಡೆಯಂತೆ ಕೂತ. ಒಂದು ನಾಯಿಯನ್ನು ಕಂಬಳಿಯೊಳಗೆ ನನ್ನ ಎದೆಗೆ ಒತ್ತಿ ಮಲಗಿಸಿದ. ಬೆಂಕಿ ದೊಡ್ಡದು ಮಾಡಿದ, ಆದರೆ ನನ್ನನ್ನು ಅದರ ಪಕ್ಕಕ್ಕೆ ಎಳೆಯಲಿಲ್ಲ. ಮರಗಟ್ಟಿದ ಮೈಗೆ ಸುಡುವುದು ತಿಳಿಯುವುದಿಲ್ಲ. ಎಷ್ಟೋ ಹೊತ್ತಿನ ಮೇಲೆ ನಾನು ಮತ್ತೆ ನಡುಗತೊಡಗಿದೆ. ಅವನು ನಿಟ್ಟುಸಿರು ಬಿಟ್ಟು, "ಆಹಾ, ಈಗ ನಡುಗ್ತೀಯ ನೋಡು. ನಡುಗೋ ತನಕ ಭಯ ಇಲ್ಲ. ನಡುಕ ನಿಂತು ನಿದ್ದೆ ಬಂತು ಅಂದ್ರೆ ಭಯ" ಎಂದ. ಮಾತು ಸರಿಯಾಗಿ ಬಂದ ಮೇಲೆ, ನುಂಗಬಲ್ಲೆ ಎಂದು ಖಾತ್ರಿಯಾದ ಮೇಲೆ, ಬೆಲ್ಲ ಕದಡಿದ ಬಿಸಿನೀರನ್ನು ಗುಟುಕು ಗುಟುಕಾಗಿ ಕುಡಿಸಿದ.

ಬೆಳಕು ಹರಿದಾಗ ಅವನ ಮಡಿಲಲ್ಲಿ ಹಿಂದಿನ ದಿನ ಹುಟ್ಟಿದ ಕುರಿಮರಿಯೊಂದಿತ್ತು. ಅದನ್ನು ತೋರಿಸಿ ಕೇಳಿದ. "ಇದಕ್ಕೆ ಮಾತು ಬರಲ್ಲ. ಆದ್ರೂ ಚಳಿಯಾದ್ರೆ ಬ್ಯಾ ಅಂತ ಕೂಗುತ್ತೆ, ತಾಯಿ ಓಡಿ ಬರುತ್ತೆ. ನಿನಗೆ ದೇವರು ಬಾಯಿ ಕೊಟ್ಟಾನೆ, ಮಾತು ಕೊಟ್ಟಾನೆ. ನೀನ್ಯಾಕೋ ಬಾಯಿ ಮುಚ್ಕೊಂಡು ಮಲಗಿದ್ದೆ?"

ನನ್ನಲ್ಲಿ ಉತ್ತರವಿರಲಿಲ್ಲ. ಮನೆಯಲ್ಲಿ ಅಪ್ಪ ಒಂದು ಮಾತೂ ಬೈಯಲಿಲ್ಲ. ಅವ್ವ ಅತ್ತಳು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಮುಂದೆ ನಾನು ಮೇಷ್ಟ್ರಾದೆ. ವಿಜ್ಞಾನದ ಪಾಠ ಮಾಡುವಾಗ ಪ್ರತಿ ಡಿಸೆಂಬರಿನಲ್ಲೂ ಈ ಕಥೆ ಹೇಳುತ್ತಿದ್ದೆ. ಹೇಳಿದ ಮೇಲೆ ಬೋರ್ಡಿನ ಮೇಲೆ ನಾಲ್ಕು ಪದ ಬರೆಯುತ್ತಿದ್ದೆ: ನೀರು, ಗಾಳಿ, ನೆಲ, ಹಸಿವು. ಇವು ನಮ್ಮ ಮೈಯ ಬಿಸಿಯನ್ನು ಕದಿಯುವ ನಾಲ್ಕು ಕಳ್ಳರು.

ನಮ್ಮ ಮೈಯ ಒಳಗಿನ ಬಿಸಿ ಸುಮಾರು 37 ಡಿಗ್ರಿ ಸೆಲ್ಸಿಯಸ್. ಅದು 35ಕ್ಕಿಂತ ಕೆಳಗಿಳಿದರೆ ಅಪಾಯದ ಸ್ಥಿತಿ. ಕೇವಲ ಎರಡು ಡಿಗ್ರಿ ಅಂತರ ನೋಡಿ! ಮೊದಲು ಮೈ ನಡುಗಿ ತಾನೇ ಬಿಸಿ ಹುಟ್ಟಿಸುತ್ತದೆ. ನಡುಕವೆಂದರೆ ಸ್ನಾಯುಗಳು ದುಡಿಯುವುದು. ಬಿಸಿ ಇನ್ನೂ ಇಳಿದರೆ ದುಡಿಯುವ ಶಕ್ತಿಯೂ ಸೋಲುತ್ತದೆ, ನಡುಕ ನಿಲ್ಲುತ್ತದೆ, ಮಾತು ತೊದಲುತ್ತದೆ, ಬುದ್ಧಿ ಮಂಕಾಗುತ್ತದೆ. ಬುದ್ಧಿಯೇ ಮಂಕಾದ ಮೇಲೆ 'ನನಗೆ ಚಳಿಯಾಗಿದೆ' ಎಂಬುದೂ ಹೊಳೆಯುವುದಿಲ್ಲ. ಅದಕ್ಕೇ ಮೊದಲೇ ಹೇಳಬೇಕು.

ಹೊರಗೆ ಎಷ್ಟು ಡಿಗ್ರಿ ಇದೆ ಎಂಬುದೊಂದೇ ಮುಖ್ಯವಲ್ಲ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ನೀರು ಹೆಪ್ಪುಗಟ್ಟುವುದು ಸೊನ್ನೆಯಲ್ಲಿ. ಆದರೆ ಮೈ ಒದ್ದೆಯಾಗಿ, ಗಾಳಿ ಬೀಸುತ್ತಿದ್ದು, ಹೊಟ್ಟೆ ಖಾಲಿಯಿದ್ದರೆ ಹತ್ತು ಹದಿನೈದು ಡಿಗ್ರಿಯಲ್ಲೂ ಮನುಷ್ಯ ತಣ್ಣಗಾಗಬಲ್ಲ. ನಾನು ಆದೆನಲ್ಲ!

ಆ ರಾತ್ರಿ ಆಕಾಶ ತಿಳಿಯಾಗಿತ್ತು ಎಂದೆನಲ್ಲ, ಅದಕ್ಕೂ ಅರ್ಥವಿದೆ. ಹಗಲು ಕಾದ ನೆಲ ರಾತ್ರಿ ತನ್ನ ಬಿಸಿಯನ್ನು ಆಕಾಶಕ್ಕೆ ಬಿಡುತ್ತದೆ. ಮೋಡವಿದ್ದರೆ ಅದು ಹೊದಿಕೆಯಂತೆ ಆ ಬಿಸಿಯನ್ನು ತಡೆದು ಹಿಂದಕ್ಕೆ ಕಳಿಸುತ್ತದೆ. ಮೋಡವಿಲ್ಲದ ರಾತ್ರಿ ಭೂಮಿ ಹೊದಿಕೆಯಿಲ್ಲದೆ ಮಲಗಿದಂತೆ. ನಕ್ಷತ್ರ ಚೆನ್ನಾಗಿ ಕಾಣುವ ಮಾಗಿಯ ರಾತ್ರಿಯೇ ಹೆಚ್ಚು ಚಳಿಯ ರಾತ್ರಿ.

ಮತ್ತೆ ಆ ಕಂಬಳಿ! ನಾನು ಬಚ್ಚಿಟ್ಟು ಹೋದ ಕಂಬಳಿಯಂಥದೇ ಒಂದು ನನ್ನ ಜೀವ ಉಳಿಸಿತು. ಹತ್ತಿ ಬಟ್ಟೆ ಒದ್ದೆಯಾದರೆ ಮೈಗೆ ಅಂಟಿ ಬಿಸಿಯನ್ನು ಹೀರುತ್ತದೆ. ಉಣ್ಣೆಯ ಎಳೆಗಳು ಗುಂಗುರು ಗುಂಗುರಾಗಿರುತ್ತವೆ, ಅವುಗಳ ನಡುವೆ ಗಾಳಿ ಸಿಕ್ಕಿಕೊಂಡು ನಿಲ್ಲುತ್ತದೆ. ಹಾಗೆ ನಿಂತ ಗಾಳಿ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಸ್ವಲ್ಪ ಒದ್ದೆಯಾದರೂ ಉಣ್ಣೆ ಪೂರ್ತಿ ಕೈಬಿಡುವುದಿಲ್ಲ. ನಮ್ಮ ನೆರೆಯ ಚಳ್ಳಕೆರೆ ಕಂಬಳಿ ವ್ಯಾಪಾರಕ್ಕೆ ಹೆಸರಾದ ಊರು. ನೇಯುವವರು ಹುಣಸೆ ಬೀಜದ ಅಂಬಲಿ ಕಾಯಿಸಿ ಅದಕ್ಕೆ ಗಂಜಿ ಹಾಕುತ್ತಾರೆ. ಅದಕ್ಕೇ ಹೊಸ ಕಂಬಳಿ ಬಿರುಸಾಗಿರುತ್ತದೆ, ಚುಚ್ಚುತ್ತದೆ. ಕುರಿಯವರು ಅದನ್ನೇ ಕೊಪ್ಪೆ ಮಾಡಿ ತಲೆ ಮೇಲೆ ಹಾಕಿಕೊಂಡು ಮಳೆ, ಗಾಳಿ, ಇಬ್ಬನಿ ಎಲ್ಲವನ್ನೂ ಕಳೆಯುತ್ತಾರೆ. ಚುಚ್ಚುತ್ತದೆ ಎಂದು ಮೂಗು ಮುರಿದವನು ನಾನು!

2024ರ ಜೂನ್‌ನಲ್ಲಿ ಪತ್ರಿಕೆಯಲ್ಲಿ ಒಂದು ಸುದ್ದಿ ಓದಿ ಕೈ ನಡುಗಿತು. ಉತ್ತರಾಖಂಡದ ಸಹಸ್ರತಾಲ್ ಎಂಬ ಎತ್ತರದ ಸರೋವರಕ್ಕೆ ಚಾರಣ ಹೋಗಿದ್ದ 22 ಜನರ ತಂಡ ವಾಪಸ್ ಬರುವಾಗ ಹಿಮಗಾಳಿಗೆ ಸಿಕ್ಕಿತು. ಹೆಚ್ಚಿನವರು ನಮ್ಮ ಕರ್ನಾಟಕದವರು. ಅವರಲ್ಲಿ 9 ಮಂದಿ ಹಿಂದಿರುಗಲಿಲ್ಲ. ಜೂನ್ ತಿಂಗಳು, ನಮಗೆ ಮುಂಗಾರಿನ ಕಾಲ! ಚಳಿ ಪಂಚಾಂಗ ನೋಡಿ ಬರುವುದಿಲ್ಲ. ಗುಡ್ಡದ ಮೇಲೆ ಹವೆ ಗಳಿಗೆಯಲ್ಲಿ ಬದಲಾಗುತ್ತದೆ. ನೀವು ದೊಡ್ಡವರಾಗಿ ಚಾರಣಕ್ಕೆ ಹೋಗಿ, ಖಂಡಿತ ಹೋಗಿ. ಆದರೆ ಒಣಬಟ್ಟೆ, ಗಾಳಿ ತಡೆಯುವ ಮೇಲಂಗಿ, ತಿನ್ನಲು ಬೆಲ್ಲ ಕಡಲೆ ಇಲ್ಲದೆ ಹೆಜ್ಜೆ ಇಡಬೇಡಿ. ಹವೆ ಕೆಟ್ಟರೆ ಹಿಂದಿರುಗುವುದು ಸೋಲಲ್ಲ.

ಇಷ್ಟೆಲ್ಲ ಬಲ್ಲ ಮೇಷ್ಟ್ರು ಎರಡನೆಯ ಸಲ ಹೇಗೆ ಸಿಕ್ಕಿಬಿದ್ದರು ಎಂದು ಕೇಳುತ್ತೀರಿ. ಹೇಳುತ್ತೇನೆ, ನಾಚಿಕೆಯಾದರೂ.

ಹೋದ ಜನವರಿ. ಸಂಕ್ರಾಂತಿಗೆಂದು ಮೊಮ್ಮಗಳು ಬಂದಿದ್ದಳು. ಏಳನೇ ಕ್ಲಾಸು. ನಮ್ಮದೊಂದು ಸಣ್ಣ ಅಡಿಕೆ ತೋಟ. ತ್ರೀ ಫೇಸ್ ಕರೆಂಟು ಆ ವಾರ ಬೆಳಗಿನ ಜಾವಕ್ಕೆ ಬರುತ್ತಿತ್ತು. ನಾಲ್ಕೂವರೆಗೆ ಮೋಟರ್ ಹಾಕಲು ಹೊರಟಾಗ ಅವಳೂ ಎದ್ದು ಸ್ವೆಟರ್, ಟೋಪಿ ಹಾಕಿಕೊಂಡು ಜೊತೆಗೆ ಬಂದಳು. "ಅಜ್ಜ, ನಿಂಗೆ ಸ್ವೆಟರ್ ಬೇಡ್ವಾ?" ಎಂದಳು. "ನಮ್ಮ ಕಾಲದವರ ಮೈ ಗಟ್ಟಿ ಕಣವ್ವಾ" ಎಂದು ಜಂಬ ಕೊಚ್ಚಿದೆ. ಟೀಯನ್ನೂ ಕುಡಿದಿರಲಿಲ್ಲ.

ಮೋಟರ್ ಹಾಕಿದ ಹತ್ತು ನಿಮಿಷಕ್ಕೆ ಪೈಪಿನ ಜಾಯಿಂಟ್ ಕಿತ್ತು ನೀರು ಮೈಮೇಲೆಲ್ಲ ಚಿಮ್ಮಿತು. ಮೋಟರ್ ನಿಲ್ಲಿಸಿ ಮನೆಗೆ ಹೋಗಬಹುದಿತ್ತು. ಕರೆಂಟು ಹೋಗಿಬಿಟ್ಟರೆ ಎಂಬ ಆಸೆಬುರುಕತನ. ಹಸಿ ಪಂಚೆಯಲ್ಲೇ ಬಗ್ಗಿ ಜಾಯಿಂಟ್ ಕೂರಿಸುತ್ತಾ ಮುಕ್ಕಾಲು ಗಂಟೆ ಕಳೆದೆ. ಮೊಮ್ಮಗಳು ಎರಡು ಸಲ ಕೇಳಿದಳು, "ಅಜ್ಜ, ಚಳಿ ಆಗ್ತಿಲ್ವಾ?" ಎರಡು ಸಲವೂ "ಇಲ್ಲ ಬಿಡವ್ವಾ" ಎಂದೆ. ನಿಜ ಹೇಳಬೇಕೆಂದರೆ ಅಷ್ಟೊಂದು ಚಳಿ ಎಂದು ನನಗೆ ಅನ್ನಿಸಿಯೂ ಇರಲಿಲ್ಲ. ಬೆರಳು ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ. ಸ್ಪ್ಯಾನರ್ ಕೈಯಿಂದ ಮತ್ತೆ ಮತ್ತೆ ಬೀಳುತ್ತಿತ್ತು.

ಮೂರನೆಯ ಸಲ ಅವಳು ಪ್ರಶ್ನೆ ಬದಲಾಯಿಸಿದಳು. ಟಾರ್ಚನ್ನು ನನ್ನ ಮುಖಕ್ಕೆ ಹಿಡಿದು, "ಅಜ್ಜ, ನನ್ನ ಹೆಸರು ಪೂರ್ತಿ ಹೇಳು" ಎಂದಳು. ಹೇಳಲು ಹೋದೆ, ನಾಲಿಗೆ ತೊಡರಿತು. ಕಾಲು ಮುಂದಿಟ್ಟೆ, ಮುಗ್ಗರಿಸಿದೆ.

"ಅಜ್ಜ, ನೀನು ಕುರಿ ತಾತನ ಕಥೆಯ ಹುಡುಗನ ಥರಾನೇ ಆಗಿದ್ದೀಯ!" ಎಂದಳು.

ಆಮೇಲೆ ಮೇಷ್ಟ್ರು ಅವಳು, ವಿದ್ಯಾರ್ಥಿ ನಾನು. ಮೊದಲು ಅವರಪ್ಪನಿಗೆ ಫೋನ್ ಮಾಡಿದಳು. ನನ್ನನ್ನು ಮೋಟರ್ ಮನೆಯೊಳಗೆ ನಡೆಸಿ ಗಾಳಿ ಬರುವ ಬಾಗಿಲನ್ನು ಮುಂದೂಡಿದಳು. ಹಸಿ ಅಂಗಿ ತೆಗೆಸಿದಳು. ಮೂಲೆಯಲ್ಲಿದ್ದ ಖಾಲಿ ಗೋಣಿಚೀಲಗಳನ್ನು ಹಾಸಿ ಕೂರಿಸಿ, ಇನ್ನೆರಡನ್ನು ಹೊದಿಸಿದಳು. ತನ್ನ ಟೋಪಿ ನನ್ನ ತಲೆಗೆ, ತನ್ನ ಸ್ವೆಟರ್ ನನ್ನ ಎದೆಗೆ. "ನಿನಗೆ?" ಎಂದರೆ, "ನಾನು ಒಣಗಿದ್ದೀನಿ, ನಡುಗ್ತಾನೂ ಇದ್ದೀನಿ. ನಡುಗೋ ತನಕ ಭಯ ಇಲ್ಲ ಅಲ್ವಾ?" ಎಂದು ಒಂದು ಗೋಣಿಯನ್ನು ತಾನೂ ಹೊದ್ದು ನನಗೆ ಒತ್ತಿ ಕೂತಳು. ಮಲಗಲು ಬಿಡದೆ ಒಂದರಿಂದ ಇಪ್ಪತ್ತರ ಮಗ್ಗಿ ಹೇಳಿಸಿದಳು! ಹದಿಮೂರರ ಮಗ್ಗಿಗೆ ಬರುವಷ್ಟರಲ್ಲಿ ಮಗ ಕಂಬಳಿ, ಫ್ಲಾಸ್ಕ್ ಸಮೇತ ಬಂದ. ಅಲ್ಲಿಂದ ನೇರ ಆಸ್ಪತ್ರೆಗೆ. ಡಾಕ್ಟರು ಪರೀಕ್ಷೆ ಮಾಡಿ, ಇನ್ನು ಅರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರು. ಮೊಮ್ಮಗಳ ಬೆನ್ನು ತಟ್ಟಿದರು, ನನ್ನ ಕಡೆ ಮಾತ್ರ ಕನ್ನಡಕದ ಮೇಲಿಂದ ನೋಡಿದರು.

ನನ್ನ ವಯಸ್ಸಿನ ಅಜ್ಜ ಅಜ್ಜಿಯರೇ, ನಿಮಗೆ ಒಂದು ಮಾತು. ವಯಸ್ಸಾದಂತೆ ಚಳಿಯನ್ನು ಗುರುತಿಸುವ ಮೈಯ ಶಕ್ತಿ ಮೊಂಡಾಗುತ್ತದೆ. ನಡುಗುವ ಬಲವೂ ತಗ್ಗುತ್ತದೆ. ನಾವು ತೆಗೆದುಕೊಳ್ಳುವ ಕೆಲವು ಮಾತ್ರೆಗಳೂ ಅದಕ್ಕೆ ಕಾರಣವಾಗಬಹುದು. ಅಂದರೆ 'ನಮಗೆ ಚಳಿಯೇ ಆಗುವುದಿಲ್ಲ' ಎನ್ನುವುದು ಗಟ್ಟಿತನದ ಗುರುತಲ್ಲ, ಎಚ್ಚರಿಕೆಯ ಗಂಟೆ. ಬೆಳಗಿನ ವಾಕಿಂಗ್ ಬಿಸಿಲೇರಿದ ಮೇಲೆ ಮಾಡಿದರೆ ಗಂಟು ಹೋಗುವುದಿಲ್ಲ. ಕಿವಿ, ಕುತ್ತಿಗೆ, ಎದೆ, ಪಾದ ಮುಚ್ಚಿಕೊಳ್ಳಿ. ಒಂದೇ ದಪ್ಪ ಬಟ್ಟೆಗಿಂತ ಎರಡು ಮೂರು ತೆಳು ಬಟ್ಟೆ ಒಂದರ ಮೇಲೊಂದು ಹಾಕಿಕೊಂಡರೆ ಬೆಚ್ಚಗೆ. ಮೈ ಬಿಸಿಯಾಗುತ್ತದೆಂದು ಹೆಂಡ ಕುಡಿಯುವವರಿದ್ದಾರೆ. ಅದು ಚರ್ಮಕ್ಕೆ ಬಿಸಿ ತಂದು ಒಳಗಿನ ಬಿಸಿಯನ್ನು ಹೊರಗೆ ಚೆಲ್ಲುತ್ತದೆ. ಅದಕ್ಕಿಂತ ಎಳ್ಳು ಬೆಲ್ಲ ವಾಸಿ. ಸಂಕ್ರಾಂತಿಗೆ ಹಿರಿಯರು ಸುಮ್ಮನೆ ಹಂಚಲಿಲ್ಲ.

ಇನ್ನೊಂದು ಮಾತು, ದೊಡ್ಡವರಿಗೂ ಮಕ್ಕಳಿಗೂ. ಹೊರಗಿನ ಚಳಿಯಿಂದ ಬಂದವರು ಕೋಣೆಯೊಳಗೆ ಕೆಂಡದ ಬಾಂಡಲಿ ಇಟ್ಟು ಬಾಗಿಲು ಕಿಟಕಿ ಮುಚ್ಚಿ ಮಲಗಬೇಡಿ. ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ. ಬೆಂಕಿ ಕಾಯಿಸುವುದು ಬಯಲಿನಲ್ಲಿ, ಎಚ್ಚರವಿರುವಾಗ, ಸೆರಗು ಪಂಚೆ ದೂರವಿಟ್ಟುಕೊಂಡು.

ಮಕ್ಕಳೇ, ನಿಮಗೆ ಹೆಚ್ಚು ಹೇಳುವುದಿಲ್ಲ. ಒದ್ದೆಯಾದರೆ ಹೇಳಿ. ಹಸಿವಾದರೆ ಹೇಳಿ. ಚಳಿಯಾದರೆ ಹೇಳಿ. ಅಂಗಿ ಕೆಸರಾದದ್ದಕ್ಕೆ ಬೈಗುಳ ಬಿದ್ದರೆ ಬೀಳಲಿ, ಅದು ಸಂಜೆಯೊಳಗೆ ಒಣಗುತ್ತದೆ. ಯಾರಾದರೂ ನಡುಗುವುದು ನಿಲ್ಲಿಸಿ, ತೊದಲಿ, ತೂಕಡಿಸಿದರೆ ಒಬ್ಬರನ್ನೇ ಬಿಟ್ಟು ಹೋಗಬೇಡಿ. ದೊಡ್ಡವರನ್ನು ಕೂಗಿ, 108ಕ್ಕೆ ಫೋನ್ ಮಾಡಿ. ಅವರು ಬರುವವರೆಗೆ ಹಸಿ ಬಟ್ಟೆ ತೆಗೆದು ಒಣ ಹೊದಿಕೆ ಹೊದಿಸಿ. ಅಜ್ಜ ಅಜ್ಜಿಯರನ್ನು "ಚಳಿ ಆಗ್ತಿದೆಯಾ?" ಎಂದು ಕೇಳಿದರೆ "ಇಲ್ಲ" ಎಂದೇ ಹೇಳುತ್ತೇವೆ. ಕೈ ಮುಟ್ಟಿ ನೋಡಿ. ಕೈ ಸುಳ್ಳು ಹೇಳುವುದಿಲ್ಲ.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎಂಬುದು ನಮ್ಮ ಹಿರಿಯರ ಮಾತು. ಅಲ್ಲಿಯವರೆಗೆ ನನ್ನ ಮೊಮ್ಮಗಳು ದಾವಣಗೆರೆಯಿಂದ ದಿನಾ ಬೆಳಿಗ್ಗೆ ಫೋನ್ ಮಾಡುತ್ತಾಳೆ. "ಅಜ್ಜ, ನಿಜ ಹೇಳು, ಚಳಿ ಐತಾ?"

"ಐತೆ ಕಣವ್ವಾ" ಎನ್ನುತ್ತೇನೆ. "ಕಂಬಳಿ ಹೊದ್ದೀನಿ. ಚುಚ್ಚುತ್ತೆ."

"ಚುಚ್ಚಲಿ ಬಿಡು" ಎನ್ನುತ್ತಾಳೆ.